ಗೆಟ್ಟವಾಡಿಯ ಕೆಂಪು ಅಂಕಿ

ಕಳೆದ ತಿಂಗಳು ದಿಂಬಂ ಘಾಟಿಯ ಟೀ ಅಂಗಡಿಯ ಮುಂದೆ ಹಾಲಿನ ಕ್ಯಾನು ತೊಳೆಯುತ್ತಿದ್ದರು. ಬಿಸಿನೀರು ಬಿದ್ದೊಡನೆ ಎದ್ದ ಹುಳಿ ಹಾಲಿನ ವಾಸನೆಗೆ ಕೊಯಮತ್ತೂರಿನ ಒಬ್ಬ ಎಂಜಿನಿಯರ್ ನೆನಪಾದರು...

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಘಾಟಿಯ ಮೇಲೆ, ರಾಜ್ಯದ ಗಡಿಯಲ್ಲಿರುವ ತಾಳವಾಡಿಯಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಅವರು ಇದ್ದ ಕೆಲಸ ಬಿಟ್ಟು, ಹಾಲು ತೂಗಿ ಅಂಕಿ ತೋರಿಸುವ ಯಂತ್ರ ಮಾಡಲು ಹೊರಟಿದ್ದರು. ಮೊದಲನೆಯದು ಅಲ್ಲೇ ಹತ್ತಿರದ ಗೆಟ್ಟವಾಡಿಯ ಡೇರಿಗೆ. ಒಂದು ತಿಂಗಳು ಸರಿಯಾಗಿ ನಡೆದರೆ ಉಳಿಯುತ್ತದೆ, ಇಲ್ಲವಾದರೆ ಘಾಟಿ ಇಳಿದು ವಾಪಸ್ ಎಂಬ ಕರಾರು.

ಯಂತ್ರ ಮಾಡುವ ಮೊದಲೇ ಬಂದು, ಹೇಗಿರಬೇಕು ಎಂದು ಜನರನ್ನು ಕೇಳಿದರು. ಡೇರಿಯ ಜಗಲಿಯಲ್ಲಿ ಸೇರಿದವರೆಲ್ಲ ಗಂಡಸರು. ತೂಕದಲ್ಲಿ ಮೋಸವಾಗುತ್ತಿದೆ ಎಂಬ ಗುಮಾನಿ ಅವರಿಗೆ.

"ಅಂಕಿ ದೊಡ್ಡದಾಗಿರ್ಲಿ ಸಾರ್, ಸಾಲಲ್ಲಿ ಕೊನೇಗ್ ನಿಂತವ್ರ್ಗೂ ಕಾಣ್ಬೇಕು" ಎಂದರು. ಅಂಗೈಯಗಲದ ಕೆಂಪು ಅಂಕಿಗಳ ಯಂತ್ರ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಎರಡನೆಯ ವಾರಕ್ಕೆ ಡೇರಿಯ ಹಾಲು ಅರ್ಧಕ್ಕಿಳಿಯಿತು. ಹಾಲು ಕರೆಯುವುದೂ ತರುವುದೂ ಹೆಂಗಸರ ಕೆಲಸ. ಅವರು ಗಡಿಯಾಚೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹಾಲಿನ ವ್ಯಾಪಾರಿಗೆ ಹಾಕತೊಡಗಿದ್ದರು. ಎಂಜಿನಿಯರ್ ಓಡಿಬಂದು ಮತ್ತೆ ಗಂಡಸರನ್ನೇ ಕೇಳಿದರು. ಮಿಷಿನ್ ಚೆನ್ನಾಗೈತೆ ಎಂಬುದಷ್ಟೇ ಉತ್ತರ.

ಮರುದಿನ ಬೆಳಿಗ್ಗೆ ಅವರು ಹೆಂಗಸರು ಬರುವ ದಾರಿಯಲ್ಲಿ ನಿಂತರು. ನಾನೂ ಜೊತೆಗಿದ್ದೆ. ಬಂದವರ ಚೊಂಬು, ಬಕೆಟ್ಟುಗಳ ಮೇಲೆಲ್ಲ ಒಂದು ಬಟ್ಟೆ, ಇಲ್ಲವೇ ಮುತ್ತುಗದೆಲೆ. ಯಾಕೆ ಮುಚ್ಚಿದ್ದೀರಿ ಎಂದು ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು. ಒಬ್ಬ ಅಜ್ಜಿ ನಿಂತರು.

"ಕಣ್ ಬೀಳ್ದಂಗಿರ್ಲಿ ಅಂತ ನಾವು ಮುಚ್ಕೊಂಡ್ ಬತ್ತೀವಿ. ನೀವು ದೀಪ ಆಕಿ ಊರ್ಗೆಲ್ಲ ತೋರಿಸ್ತೀರಿ. ನಮ್ಮ ಅಸ ಬತ್ತೋದ್ರೆ ನಿಮ್ ಮಿಷಿನ್ ಆಲ್ ಕೊಟ್ಟಾದಾ ಸಾಮಿ?"

ಎಂಜಿನಿಯರ್ ನಗಲಿಲ್ಲ. ಅಂದೇ ಎಣ್ಣೆ ಡಬ್ಬದ ತಗಡು ಕತ್ತರಿಸಿ ಅಂಕಿಗಳಿಗೆ ಮರೆ ಕಟ್ಟಿದರು. ಹಾಲು ಹಾಕುವವರಿಗೆ, ತೂಗುವವನಿಗೆ ಮಾತ್ರ ಕಾಣಬೇಕು. ಹೆಂಗಸರು ಮರಳಿ ಬಂದರು. ಈಗ ಗಂಡಸರು ಜಗಳಕ್ಕೆ ನಿಂತರು.

"ಕಿತ್ತಾಕ್ರಿ ಅದ್ನ, ನಮ್ಗೂ ಕಾಣ್ಬೇಕು" ಎಂದು ಒಬ್ಬ ರೇಗಿದ.

ಸಾಲಿನಲ್ಲಿದ್ದ ಅದೇ ಅಜ್ಜಿ ತಿರುಗಿ, "ಒಂದಿನ ಒತ್ತಾರೆ ಎದ್ದು ನೀನೇ ಆಲ್ ಕರ್ಕಂಡ್ ಬಾ ಕಣ್ಲಾ, ಚೆಂದಾಗ್ ಕಾಣ್ತದೆ" ಎಂದರು. ಸಾಲಿಗೆ ಸಾಲೇ ನಕ್ಕಿತು. ಅವನು ಟವೆಲ್ಲು ಕೊಡವಿಕೊಂಡು ಹೊರಟ. ಮರೆ ಉಳಿಯಿತು, ತಿಂಗಳು ಕಳೆದಾಗ ಯಂತ್ರವೂ ಉಳಿಯಿತು.

ಆಮೇಲೆ ಅವರು ಎಷ್ಟೋ ಊರುಗಳಿಗೆ ಯಂತ್ರ ಮಾಡಿಕೊಟ್ಟರೆಂದು ಕೇಳಿದ್ದೆ. ಭೇಟಿಯಾಗುವುದು ಹಾಗೇ ಉಳಿದುಹೋಯಿತು...

ದಿಂಬಂ ಇಳಿದ ಮೇಲೆ ಅವರ ಕಾರ್ಖಾನೆಗೆ ಫೋನ್ ಮಾಡಿದೆ. ಅವರು ತೀರಿಕೊಂಡು ಎರಡು ವರ್ಷವಾಯಿತು ಎಂದರು. ಫೋನಿನಲ್ಲಿದ್ದವರು ನನ್ನನ್ನು ಗಿರಾಕಿ ಎಂದುಕೊಂಡು, ಯಾವ ಮಾಡೆಲ್ ಬೇಕು ಎಂದು ಕೇಳಿದರು. ಎಂಜಿನಿಯರ್ ಇದ್ದಿದ್ದರೆ, ನಿಮ್ಮೂರಲ್ಲಿ ಹಾಲು ತರುವವರು ಯಾರು ಎಂದು ಮೊದಲು ಕೇಳುತ್ತಿದ್ದರು.