‘ನೇ’ ಎಂದರೆ ಹೌದು

ನನ್ನ ಗಂಡನ ಬಾಯಲ್ಲಿ ‘ಮಾರಾಯ್ತಿ’ ಇಲ್ಲದೆ ಒಂದು ವಾಕ್ಯವೂ ಮುಗಿಯುತ್ತಿರಲಿಲ್ಲ. ಬೀಗದ ಕೈ ಕಾಣದಿದ್ದರೆ ‘ಎಲ್ಲಿಟ್ಟೆ ಮಾರಾಯ್ತಿ’, ಸಾರಿಗೆ ಉಪ್ಪು ಹೆಚ್ಚಾದರೆ ‘ಇದೆಂಥ ಸಮುದ್ರ ಮಾರಾಯ್ತಿ’. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಇಬ್ಬರಿಗೂ ನ್ಯಾಯವಾಗಲಿ ಎಂದು ನಮ್ಮ ನಡುವೆ ಮಂಗಳೂರಿನ ಕನ್ನಡ. ಆ ಕನ್ನಡದಲ್ಲಿ ನನ್ನ ಹೆಸರೇ ಅದಾಗಿಬಿಟ್ಟಿತ್ತು.

ತೊಂಬತ್ತರ ದಶಕದ ನಡುವಿನಲ್ಲಿ ನನ್ನ ಎದೆಯಲ್ಲೊಂದು ಗಂಟು ಕಾಣಿಸಿತು. ಊರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು, ಔಷಧಿಯ ಕಾಟವನ್ನೆಲ್ಲ ಮುಗಿಸಿ, ತಲೆಯಲ್ಲಿ ಮತ್ತೆ ಗಿಡ್ಡ ಕೂದಲು ಬಂದ ಮೇಲೆ ಬಹರೈನ್‌ಗೆ, ಮುಹರ್ರಕ್‌ನ ನಮ್ಮ ಮಹಡಿ ಮನೆಗೆ ವಾಪಸಾದೆ. ಬಂದವಳಿಗೆ ಗಂಡ ಸಿಗಲಿಲ್ಲ, ನರ್ಸ್ ಸಿಕ್ಕಿದರು. ‘ನೀನು ಕೂತ್ಕೋ, ನಾನು ಮಾಡ್ತೇನೆ.’ ‘ಸ್ವಲ್ಪ ಮಲಗ್ತೀಯಾ?’ ಕುಡಿಯುವ ನೀರಿನ ದೊಡ್ಡ ಕ್ಯಾನನ್ನು ಮೊದಲು ಇಬ್ಬರೂ ಒಂದೊಂದು ಕಡೆ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದೆವು. ಈಗ ಅವರೊಬ್ಬರೇ ಏದುಸಿರು ಬಿಡುತ್ತಾ ಹೊತ್ತು ತರುತ್ತಿದ್ದರು, ನಾನು ಬಾಗಿಲಲ್ಲಿ ನಿಂತು ನೋಡಬೇಕು. ಎಷ್ಟು ಉಪ್ಪು ಸುರಿದರೂ ‘ಚೆನ್ನಾಗಿದೆ’ ಎನ್ನುತ್ತಿದ್ದರು. ಒಮ್ಮೆ ಬೇಕೆಂದೇ ಸುರಿದು ನೋಡಿದೆ. ಮಹಾನುಭಾವರು ಕಣ್ಣಲ್ಲಿ ನೀರು ತುಂಬಿಕೊಂಡು ಊಟ ಮುಗಿಸಿದರೇ ಹೊರತು ಬೈಯಲಿಲ್ಲ. ಅಂದು ನನಗೆ ನಿಜವಾಗಿ ಹೆದರಿಕೆಯಾಯಿತು. ಇವರು ನನ್ನನ್ನು ಆಗಲೇ ಅರ್ಧ ಕಳಿಸಿಕೊಟ್ಟಿದ್ದಾರೆ ಅನ್ನಿಸಿತು. ನನಗೆ ಆರೈಕೆ ಸಾಕಾಗಿತ್ತು. ನನ್ನ ‘ಮಾರಾಯ್ತಿ’ ವಾಪಸು ಬೇಕಿತ್ತು.

ಮೈಯನ್ನು ಸುಮ್ಮನೆ ಬಿಡಬೇಡಿ, ದುಡಿಸಿ ಎಂದು ಡಾಕ್ಟರು ಹೇಳಿದ್ದೇ ನನಗೆ ನೆಪವಾಯಿತು. ಮೀನಾ ಸಲ್ಮಾನ್ ಬಂದರಿನ ಗೋದಾಮಿನ ಕಚೇರಿಯಲ್ಲಿ ಗಂಡನ ಜೊತೆ ಕೆಲಸ ಮಾಡುವ ಕೆಲವರು ಶುಕ್ರವಾರ ಬೆಳಿಗ್ಗೆ ಸೈಕಲ್ ಹೊಡೆಯುತ್ತಿದ್ದರು. ನಾನೂ ಬರುತ್ತೇನೆಂದು ಹಟ ಹಿಡಿದೆ. ಸೈಕಲ್ ನನಗೆ ಹೊಸದಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ, ಅಣ್ಣನ ಸೈಕಲ್ಲನ್ನು ಕದ್ದು ಕಲಿತವಳು ನಾನು. ಅವರಿಗೆ ಬೇರೆ ದಾರಿಯಿರಲಿಲ್ಲ. ನನ್ನನ್ನು ಮುಂದೆ ಬಿಟ್ಟು, ಬಿದ್ದರೆ ಹಿಡಿಯಲು ತಯಾರಾಗಿ ತಾವು ಹಿಂದೆ ಬರುತ್ತಿದ್ದರು. ಬಹರೈನ್ ನೀರುದೋಸೆಯಷ್ಟು ಚಪ್ಪಟೆ. ನಮ್ಮ ದಾರಿಯಲ್ಲಿ ಏರು ಎಂದರೆ ರಾಜಧಾನಿ ಮನಾಮಕ್ಕೆ ಹೋಗುವ ಸೇತುವೆಯ ಉಬ್ಬು ಮಾತ್ರ. ಅದನ್ನು ಹತ್ತಿದಾಗಲೆಲ್ಲ ಹಿಂದಿನಿಂದ ‘ನಿಧಾನ, ನಿಧಾನ’ ಎಂಬ ಜಪ ಕೇಳಿಸುತ್ತಿತ್ತು.

ಮರುವರ್ಷದ ಮೇ ತಿಂಗಳಲ್ಲಿ ಆ ಗುಂಪು ಸೈಪ್ರಸ್‌ಗೆ ಹೊರಟಿತು. ದಿನಾ ಒಂದು ಊರಿನಿಂದ ಇನ್ನೊಂದು ಊರಿಗೆ ಸೈಕಲ್, ಸಾಮಾನೆಲ್ಲ ವ್ಯಾನಿನಲ್ಲಿ. ಗುಡ್ಡಗಾಡು, ಸೆಕೆ ಬೇರೆ ಎಂದು ಇವರು ಹೆದರಿಸಿದರು. ಹುಟ್ಟಿದ್ದು ಕರಾವಳಿಯಲ್ಲಿ, ಬೆಂದದ್ದು ಬಹರೈನ್‌ನಲ್ಲಿ, ನನಗೆ ಸೆಕೆಯ ಹೆದರಿಕೆಯೇ? ಮನಾಮದ ಅಂಗಡಿಯಿಂದ ಒಂದು ಅಚ್ಚು ಬೆಲ್ಲ ತಂದು ಚೀಲಕ್ಕೆ ಹಾಕಿಕೊಂಡು ಹೊರಟೆ. ನಮ್ಮ ಕಡೆ ಬಿಸಿಲಿನಿಂದ ಬಂದವರಿಗೆ ಮೊದಲು ಬೆಲ್ಲ, ನೀರು, ಮಾತು ಆಮೇಲೆ.

ಮೂರನೆಯ ದಿನ ಮೇಲಿನ ಬೆಟ್ಟದೂರಿಗೆ ಹೋಗಬೇಕಿತ್ತು. ಉಳಿದವರು ಬೆಳಿಗ್ಗೆಯೇ ಮುಂದೆ ಹೋಗಿ ಕಣ್ಮರೆಯಾಗಿದ್ದರು. ಒಂದು ಕಡೆ ರಸ್ತೆ ಎರಡಾಯಿತು: ಒಂದು ಏರುತ್ತಿತ್ತು, ಇನ್ನೊಂದು ಆಲಿವ್ ತೋಪಿನ ನಡುವೆ ಇಳಿಯುತ್ತಿತ್ತು. ಕವಲಿನಲ್ಲೊಂದು ಕಾಫಿ ಅಂಗಡಿ, ಹೊರಗೆ ದಾಳ ಉರುಳಿಸುತ್ತ ಕೂತ ಮುದುಕ. ಇವರು ಊರಿನ ಹೆಸರು ಹೇಳಿ, ಏರುದಾರಿಯತ್ತ ಕೈ ತೋರಿಸಿ, ಇದೇನಾ ಎಂದು ಸನ್ನೆ ಮಾಡಿದರು. ಮುದುಕ ಆಟದ ಹಲಗೆಯಿಂದ ತಲೆ ಎತ್ತದೆ, ಓರೆಗಣ್ಣಲ್ಲೇ ನೋಡಿ ‘ನೇ, ನೇ’ ಎಂದ.

ಕೊಂಕಣಿಯಲ್ಲಿ ಇಲ್ಲ ಎನ್ನಲು ‘ನಾ’. ಬಹರೈನ್‌ನಲ್ಲಿ ನಾವೆಲ್ಲ ಆಡುವ ಹಿಂದಿಯಲ್ಲಿ ‘ನೈ’. ಹಾಗಿದ್ದ ಮೇಲೆ ‘ನೇ’ ಇನ್ನೇನಾಗಲು ಸಾಧ್ಯ?

"ಅಲ್ಲವಂತೆ. ಇಳಿಯುವ ದಾರಿಯೇ. ನಿನಗೂ ಒಳ್ಳೆಯದಾಯ್ತು" ಎಂದರು. ಅವರ ಮುಖದಲ್ಲಿ ಎಷ್ಟು ಸಮಾಧಾನವಿತ್ತೆಂದರೆ, ಬೆಟ್ಟದೂರಿಗೆ ಇಳಿದು ಹೋಗುವುದು ಹೇಗೆ ಎಂದು ಕೇಳಲು ನನಗೂ ಮನಸ್ಸಾಗಲಿಲ್ಲ.

ಇಳಿದೆವು. ಸುಖವಾಗಿ, ಪೆಡಲ್ ತುಳಿಯದೆ, ಬಹಳ ದೂರ ಇಳಿದೆವು. ತಳದಲ್ಲಿ ಬತ್ತಿದ ಹೊಳೆ, ಕೆಲವು ಮನೆಗಳು, ಮುಂದೆ ರಸ್ತೆಯೇ ಇಲ್ಲ. ಕಪ್ಪು ಬಟ್ಟೆಯ ಹೆಂಗಸೊಬ್ಬರು ಜಗಲಿಯಿಂದ ನಮ್ಮನ್ನು ಕರೆದು ಕೂರಿಸಿದರು. ಏನೂ ಕೇಳದೆ ಒಳಗೆ ಹೋಗಿ, ಸಕ್ಕರೆ ಪಾಕದಲ್ಲಿಟ್ಟ ಹಣ್ಣಿನ ಹೋಳನ್ನು ಪುಟ್ಟ ತಟ್ಟೆಯಲ್ಲಿ ಹಾಕಿ, ಜೊತೆಗೆ ಒಂದೊಂದು ಲೋಟ ತಣ್ಣೀರು ತಂದರು. ಮೊದಲು ಸಿಹಿ, ಮೇಲೆ ನೀರು. ನನಗೆ ಅಮ್ಮನ ಜಗಲಿಯಲ್ಲೇ ಕೂತ ಹಾಗಾಯಿತು. ನನ್ನ ಬೆಲ್ಲದಿಂದ ಒಂದು ತುಂಡು ಮುರಿದು ಅವರ ಕೈಗಿಟ್ಟೆ. ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದರು. ಅವರಿಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು. ದಾರಿ ಕೇಳಿದ ಕಥೆ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಭಾಷೆಯಲ್ಲಿ ‘ನೇ’ ಎಂದರೆ ಹೌದು.

ಇವರಿಗೆ ನಗು ಬರಲಿಲ್ಲ. ಇಳಿದು ಬಂದ ದಾರಿಯನ್ನು, ನೆತ್ತಿಯ ಮೇಲಿನ ಸೂರ್ಯನನ್ನು, ನನ್ನನ್ನು ನೋಡಿದರು.

"ಯಾರದಾದರೂ ಗಾಡಿ ಸಿಗ್ತದಾ ಕೇಳ್ತೇನೆ. ನಿನಗಿದು ಆಗ್ಲಿಕ್ಕಿಲ್ಲ."

"ಗಾಡಿ ಸಿಕ್ಕಿದ್ರೆ ನೀವು ಹೋಗಿ. ನಾನು ಸೈಕಲ್‌ನಲ್ಲೇ ಬರ್ತೇನೆ."

"ಹಟ ಮಾಡ್ಬೇಡ. ನಿನ್ನ ಆರೋಗ್ಯ..."

"ನನ್ನ ಆರೋಗ್ಯ ನನ್ನ ಹತ್ರವೇ ಉಂಟು. ನೀವು ನೋಡಿಕೊಳ್ಳುದು ಬೇಡ" ಎಂದೆ. ಸಿಟ್ಟು ಬಂದಿತ್ತು, ಮುಚ್ಚಿಟ್ಟು ಫಲವೇನು? ಹೆಲ್ಮೆಟ್ ಸಿಕ್ಕಿಸಿಕೊಂಡು ಹೊರಟೇಬಿಟ್ಟೆ.

ಘಟ್ಟ ಹತ್ತುವುದೆಂದರೆ ನಮ್ಮವರಿಗೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡುವುದು. ಸ್ವಂತ ಕಾಲಿನಿಂದ ಹತ್ತಿದ ಅನುಭವ ನನಗಿರಲಿಲ್ಲ. ಮೊದಲ ತಿರುವಿಗೇ ತೊಡೆ ಉರಿಯತೊಡಗಿತು. ಆಪರೇಷನ್ ಆದ ಎಡಗಡೆ ತೋಳಿನವರೆಗೆ ಎಳೆಯುತ್ತಿತ್ತು. ಡಾಂಬರಿನ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಹಿಂದಿನಿಂದ ‘ನಿಧಾನ, ನಿಧಾನ’ ಕೇಳುತ್ತಲೇ ಇತ್ತು. ಎರಡು ಕಡೆ ಇಳಿದು ನಿಂತು, ತೋಳು ಕೊಡವಿಕೊಂಡು, ಮತ್ತೆ ಹತ್ತಿದೆ. ಒಂದು ತಿರುವಿನ ನಂತರ ತುಳಿತ ತಾನಾಗಿ ಒಂದು ಲಯಕ್ಕೆ ಬಂತು, ಉಸಿರು ಅದಕ್ಕೆ ಹೊಂದಿತು. ಮಿಡತೆಗಳ ಸದ್ದು ಬಿಟ್ಟರೆ ಮತ್ತೇನೂ ಇಲ್ಲ. ಹಿಂದಿನ ಜಪ ಯಾವಾಗ ನಿಂತಿತೆಂದು ನನಗೆ ಗೊತ್ತೇ ಆಗಲಿಲ್ಲ.

ಆಗ ಕೆಳಗಿನ ತಿರುವಿನಿಂದ ಬೆಟ್ಟವೆಲ್ಲ ಕೇಳುವ ಹಾಗೆ ಒಂದು ಕೂಗು ಬಂತು.

"ಹೋಯ್! ನಿಲ್ಲು ಮಾರಾಯ್ತಿ! ಎಂಥ ಓಟ ನಿನ್ನದು? ಇಲ್ಲಿ ನನ್ನ ಜೀವ ಹೋಗ್ತಾ ಉಂಟು!"

ಬ್ರೇಕ್ ಹಿಡಿದು ನಿಂತೆ. ತಡೆಗೋಡೆಯಿಂದ ಬಗ್ಗಿ ನೋಡಿದರೆ, ಕೆಂಪು ಮುಖ, ಒದ್ದೆ ಅಂಗಿ, ಕಚೇರಿ ಕುರ್ಚಿ ಬೆಳೆಸಿದ ಹೊಟ್ಟೆಯ ಜೊತೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾರೆ. ದಾರಿಯುದ್ದಕ್ಕೂ ಬೈಗುಳ. ಬೆಟ್ಟಕ್ಕೆ, ಬಿಸಿಲಿಗೆ, ಮುದುಕನಿಗೆ, ಎಲ್ಲಕ್ಕಿಂತ ಹೆಚ್ಚಾಗಿ ನನಗೆ. ಅಷ್ಟು ಸಂತೋಷ ನನಗೆ ಆಸ್ಪತ್ರೆಯ ಒಳ್ಳೆಯ ರಿಪೋರ್ಟು ಕೇಳಿದಾಗಲೂ ಆಗಿರಲಿಲ್ಲ. ಕೆಳಗಿಳಿದು ಹೋಗಿ ಅವರ ಬಾಯಿಗೆ ಬೆಲ್ಲದ ತುಂಡು ಹಾಕಿ, ನನ್ನ ಬಾಟಲಿಯ ನೀರು ಕುಡಿಸಿದೆ.

"ಅಳುದೆಂತಕ್ಕೆ ಮತ್ತೆ?"

"ಬೆವರು ಮಾರಾಯ್ರೆ" ಎಂದೆ. ಅವರು ನಂಬಲಿಲ್ಲ. ರಸ್ತೆಯ ಬದಿಯಲ್ಲಿ ಕೂತು, ನನ್ನ ಗಿಡ್ಡ ಕೂದಲಿನ ಮೇಲೆ ಒದ್ದೆ ಕೈ ಇಟ್ಟು, "ಹೆದರಿ ಹೋಗಿದ್ದೆ ನಾನು" ಎಂದರು. ಬೆಟ್ಟದ ಮಾತಲ್ಲ ಅದು ಎಂದು ಇಬ್ಬರಿಗೂ ಗೊತ್ತಿತ್ತು.

ಕವಲಿನಲ್ಲಿ ಮುದುಕ ಇನ್ನೂ ದಾಳ ಉರುಳಿಸುತ್ತಿದ್ದ. ಇವರು ಏರುದಾರಿಯತ್ತ ಕೈ ತೋರಿಸಿ, "ನೇ?" ಎಂದರು. "ನೇ!" ಎಂದ ಮುದುಕ, ಈ ಸಲ ತಲೆ ಎತ್ತಿ.

ಮುಹರ್ರಕ್‌ಗೆ ಮರಳಿದ ವಾರ ನೀರಿನವನು ಕ್ಯಾನನ್ನು ಮೆಟ್ಟಿಲ ಬುಡದಲ್ಲಿ ಇಟ್ಟು ಹೋಗಿದ್ದ. ಇವರು ತರಲು ಇಳಿದರು. ನಾನು ಅಭ್ಯಾಸದಂತೆ ಬಾಗಿಲಲ್ಲಿ ನಿಂತೆ. ಕೆಳಗಿನಿಂದ ಕೂಗು ಬಂತು:

"ಮೇಲೆ ನಿಂತು ನೋಡುದೆಂತ ಮಾರಾಯ್ತಿ? ಬಂದು ಒಂದು ಕಡೆ ಹಿಡಿ!"

ಚಪ್ಪಲಿಯನ್ನೂ ಹಾಕದೆ ಇಳಿದು ಹೋಗಿ, ಬಲಗೈಯಲ್ಲಿ ಹಿಡಿದೆ.