ಆಚೆಮನೆಯ ಅಕ್ಕ ಓದಿದ ಖಳನಾಯಕ

ಪಕ್ಕದ ಫ್ಲಾಟಿನವರು ಮೊನ್ನೆ ದುಬೈಯಿಂದ ಬಂದು ವರಾಂಡದಲ್ಲೇ ರಟ್ಟಿನ ಪೆಟ್ಟಿಗೆಯ ಹಗ್ಗ ಬಿಚ್ಚಿದರು. ಸೋಪು, ಹಾಲಿನ ಹುಡಿ, ತಲೆನೋವಿನ ಮುಲಾಮು, ಹೊಸ ಪ್ಲಾಸ್ಟಿಕ್ಕು ಎಲ್ಲ ಸೇರಿದ ಒಂದು ವಾಸನೆ ನಮ್ಮ ಬಾಗಿಲೊಳಗೆ ನುಗ್ಗಿತು. ಈ ಕಡೆ ಹುಟ್ಟಿದವರಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ, ಅದು ಗಲ್ಫಿನ ವಾಸನೆ. ಸರಿಯಾಗಿ ಅದೇ ಹೊತ್ತಿಗೆ ಒಳಗೆ ಟಿವಿಯಲ್ಲಿ ಬಿಳಿ ಕೈಯ ಒಬ್ಬ ಮನುಷ್ಯ ಸೇತುವೆಯ ಕಂಬವನ್ನು ಮುಟ್ಟಿದ. ಕಂಬ ಸುಣ್ಣವಾಗಿ ಉದುರಿಹೋಯಿತು. ನಾನು ಕೈಯಲ್ಲಿದ್ದ ಸೌಟಿನ ಸಮೇತ ಟಿವಿಯ ಮುಂದೆ ಬಂದು ನಿಂತೆ. ಅಯ್ಯೋ ದೇವರೇ, ಈ ಪುಣ್ಯಾತ್ಮನನ್ನು ನಾನು ಬಲ್ಲೆ!

ಟಿವಿ ಹಾಕಿದ್ದವಳು ನನ್ನ ಅಣ್ಣನ ಮಗಳು. ಇಲ್ಲೇ ಮಣಿಪಾಲದಲ್ಲಿ ಓದುತ್ತಾಳೆ, ಶನಿವಾರ ಬಂತೆಂದರೆ ಬಟ್ಟೆಯ ಗಂಟು ಹೊತ್ತುಕೊಂಡು ನಮ್ಮ ಮನೆಗೆ ಬರುತ್ತಾಳೆ. ಸೂಪರ್‌ಹೀರೋಗಳ ಸರಣಿಗಳೆಂದರೆ ಅವಳಿಗೆ ಊಟ ಬೇಡ. ಆದರೆ ಆ ದಿನ ಸಿಟ್ಟಿನಲ್ಲಿದ್ದಳು. "ಕಾಮಿಕ್ಸಿನಲ್ಲಿ ಇವನು ಹೀಗೆಲ್ಲ ಅಳುವುದೇ ಇಲ್ಲ ಅತ್ತೆ. ಹಾಳು ಮಾಡ್ತಾನೆ, ನಗ್ತಾನೆ, ಜೈಲಿಗೆ ಹೋಗ್ತಾನೆ, ಅಷ್ಟೇ. ಸೀರಿಯಲ್‌ನವರು ನೋಡಿ, ಇವನಿಗೊಂದು ಮನೆ, ಹೆಂಡತಿ, ಸತ್ತುಹೋದ ಮಗಳು, ಮೋಸ ಮಾಡಿದ ಕಂಪೆನಿ ಎಲ್ಲ ಕೊಟ್ಟಿದ್ದಾರೆ."

ನನಗೆ ಅದು ಅಂಥ ಅಪರಾಧವಾಗಿ ಕಾಣಲಿಲ್ಲ. ನಾಲ್ಕು ಹಾಳೆಯ ಪುಸ್ತಕದಲ್ಲಿ ಖಳನಾಯಕ ಹಲ್ಲು ಕಡಿದುಕೊಂಡೇ ಇರಬಹುದು. ಹತ್ತು ಕಂತು ಹಲ್ಲು ಕಡಿದರೆ ಹಲ್ಲಾದರೂ ಉಳಿಯಬೇಕಲ್ಲ? ಅಷ್ಟು ಹೊತ್ತು ಒಬ್ಬನನ್ನು ನಮ್ಮ ಚಾವಡಿಯಲ್ಲಿ ಕೂರಿಸಿಕೊಂಡ ಮೇಲೆ ನಿನ್ನ ಊರು ಯಾವುದು, ಮನೆಯಲ್ಲಿ ಯಾರೆಲ್ಲ ಇದ್ದಾರೆ ಎಂದು ಕೇಳದೆ ಇರಲು ಆಗುತ್ತದೆಯೇ? ಹೀಗೆಲ್ಲ ನಾನು ವಾದ ಹೂಡಿದೆ. ಅವಳು, "ಅದೆಲ್ಲ ಇರಲಿ, ನಿಮಗೆ ಇವನು ಹೇಗೆ ಗೊತ್ತು?" ಎಂದು ಕೇಳಿದಳು. ಹೇಗೆಂದು ಹೇಳುವುದು... ಅವಳು ಬಲ್ಲದ್ದು ಕಾಮಿಕ್ಸಿನವನನ್ನು ಮತ್ತು ಸೀರಿಯಲ್ಲಿನವನನ್ನು. ನಾನು ಬಲ್ಲದ್ದು ಕಾಪುವಿನಲ್ಲಿ ನಮ್ಮ ಆಚೆಮನೆಯ ಅಕ್ಕನ ಜಗಲಿಯಲ್ಲಿ ಇದ್ದವನನ್ನು.

ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ. ನಾನಾಗ ಐದನೇ ಕ್ಲಾಸು. ಅಕ್ಕ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಕತ್ತರಿಸಿಟ್ಟ ಎಲೆ, ಹೊಗೆಸೊಪ್ಪಿನ ಹುಡಿ, ನೂಲು. ಊಟ, ನಿದ್ರೆ ಬಿಟ್ಟರೆ ಆ ಕೈಗೆ ಬಿಡುವು ಎಂಬುದು ಇರಲಿಲ್ಲ. ಬಾಯಿಗೆ ಮಾತ್ರ ಯಾವಾಗಲೂ ಬಿಡುವಿತ್ತು, ಹಾಗಾಗಿ ಶಾಲೆ ಬಿಟ್ಟ ಕೂಡಲೇ ನಾನು ಅಲ್ಲೇ. ಅವರ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಭಾವ ಗಲ್ಫಿನಲ್ಲಿ ಒಂದು ಶಾಲೆಯ ಬಸ್ಸು ಓಡಿಸುತ್ತಿದ್ದರು. ಮಕ್ಕಳು ಸೀಟಿನಲ್ಲಿ ಬಿಟ್ಟುಹೋದ ಹರಕು ಕಾಮಿಕ್ಸ್‌ಗಳನ್ನು ಕೂಡಿಟ್ಟು, ಊರಿಗೆ ಬರುವವರ ಪೆಟ್ಟಿಗೆಯಲ್ಲಿ ತಮ್ಮ ಮಗನಿಗೆಂದು ಕಳಿಸುತ್ತಿದ್ದರು. ಪುಸ್ತಕ ಬಿಡಿಸಿದರೆ ಅದೇ ಸೋಪಿನ ಪರಿಮಳ. ಚಿತ್ರಗಳೋ ಕಣ್ಣು ಕುಕ್ಕುವಂಥವು. ಅಕ್ಷರ ಅರಬಿ, ನಮಗೆ ಒಂದೂ ತಿಳಿಯದು. ಅವರ ಮಗ ಆಗಿನ್ನೂ ಒಂದನೇ ಕ್ಲಾಸಿನ ಪುಟಾಣಿ, ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಲು ಮಾತ್ರ ಆ ಪುಸ್ತಕಗಳನ್ನು ಮುಟ್ಟುತ್ತಿದ್ದ.

ಒಂದು ದಿನ ನಮ್ಮ ಮನೆಗೆ ಫೋನ್ ಬಂತು. ಆ ಸಾಲಿನಲ್ಲಿ ಫೋನ್ ಇದ್ದದ್ದು ನಮ್ಮಲ್ಲಿ ಮಾತ್ರ, ಅಕ್ಕನನ್ನು ಕೂಗಿ ಕರೆದೆವು. ಮಕ್ಕಳನ್ನು ಶಾಲೆಯಲ್ಲಿ ಇಳಿಸಿ ಖಾಲಿ ಬಸ್ಸು ತರುವಾಗ ಭಾವನಿಗೆ ಅರೆಗಳಿಗೆ ಕಣ್ಣು ಮುಚ್ಚಿತಂತೆ. ರಸ್ತೆ ದಾಟುತ್ತಿದ್ದ ಒಬ್ಬ ಕೂಲಿಯವನು ಅಲ್ಲೇ ಸತ್ತನಂತೆ. ಭಾವನನ್ನು ಜೈಲಿಗೆ ಹಾಕಿದ್ದರು. ಅಕ್ಕ ಫೋನಿನ ಪಕ್ಕದಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಅಮ್ಮ ಕೊಟ್ಟ ನೀರನ್ನು ಕುಡಿಯಲೂ ಇಲ್ಲ.

ಊರಿನ ಬಾಯಿ ಕೇಳಬೇಕೇ? ಒಬ್ಬರು ಚಿನ್ನದ ವ್ಯವಹಾರವಂತೆ ಎಂದರು, ಇನ್ನೊಬ್ಬರು ಹೊಡೆದಾಟವಂತೆ ಎಂದರು. ಶಾಲೆಯಲ್ಲಿ ಯಾರೋ ಅಕ್ಕನ ಮಗನಿಗೆ, ನಿನ್ನ ಅಪ್ಪ ಜೈಲಿನಲ್ಲಿರುವ ಕಳ್ಳ ಎಂದುಬಿಟ್ಟರು. ಹುಡುಗ ಅಳುತ್ತ ಬಂದವನು ಗೋಡೆಯಲ್ಲಿದ್ದ ಭಾವನ ಫೋಟೋ ತೆಗೆದು ಅಕ್ಕಿ ಡಬ್ಬದ ಹಿಂದೆ ಇಟ್ಟ. ಅಪ್ಪ ಎಂಬ ಮಾತನ್ನೇ ಬಿಟ್ಟ. ಆ ಸಂಜೆ ಅಕ್ಕ ನನ್ನ ಅಮ್ಮನ ಹತ್ತಿರ ಅತ್ತದ್ದು ನನಗೆ ನೆನಪಿದೆ. "ಅವರು ಇವತ್ತಲ್ಲ ನಾಳೆ ಬರ್ತಾರೆ, ಅದಕ್ಕೆ ನನಗೆ ಹೆದರಿಕೆ ಇಲ್ಲ. ಬಂದಾಗ ಇವನು ಅಪ್ಪ ಅಂತ ಹತ್ತಿರ ಹೋಗದಿದ್ದರೆ ಎಂತ ಮಾಡಲಿ?"

ಮರುದಿನ ನಾನು ಹೋದಾಗ ಅಕ್ಕ ಎಂದಿನಂತೆ ಬೀಡಿ ಕಟ್ಟುತ್ತಿದ್ದರು. ಕಣ್ಣು ಊದಿಕೊಂಡಿತ್ತು. "ಆ ಸುಣ್ಣದ ಕೈಯವನ ಪುಸ್ತಕ ತಾ, ಇವತ್ತು ಓದುವ" ಎಂದರು.

"ನಿಮಗೆ ಅರಬಿ ಬರ್ತದಾ ಅಕ್ಕ?"

"ಚಿತ್ರ ಬರ್ತದಲ್ಲ ಮಾರಾಯ್ತಿ. ನೀವಿಬ್ಬರೂ ಪುಟ ತಿರುಗಿಸಿ, ನನ್ನ ಕೈ ಖಾಲಿ ಇಲ್ಲ."

ನಾನು ಮತ್ತು ಹುಡುಗ ನಮ್ಮ ಶಾಲೆಯ ಪುಸ್ತಕ ಬಿಡಿಸುವ ಹಾಗೆಯೇ ಎಡಗಡೆಯಿಂದ ಬಿಡಿಸಿದೆವು. ಮೊದಲ ಪುಟದಲ್ಲೇ ಸುಣ್ಣದ ಕೈಯವನು ಜೈಲಿನ ಕಂಬಿಯ ಹಿಂದೆ. ಹೊರಗೆ ರೆಕ್ಕೆಯಂಥ ಬಟ್ಟೆ ತೊಟ್ಟ ನಾಯಕ ಎದೆ ಸೆಟೆದು ನಿಂತಿದ್ದಾನೆ. ಹುಡುಗನ ಮುಖ ಚಿಕ್ಕದಾಯಿತು. ಇವನು ಎಂತ ಮಾಡಿದ ಎಂದು ಮೆಲ್ಲಗೆ ಕೇಳಿದ. "ಅದು ಆಗಿಹೋಯಿತು ಮಗಾ. ಇನ್ನು ಎಂತ ಮಾಡ್ತಾನೆ ನೋಡುವ" ಎಂದರು ಅಕ್ಕ.

ಪುಟ ತಿರುಗಿದಂತೆ ನಾನು ಬಾಯಿ ಕಳೆದು ನೋಡಿದೆ. ಮೊದಲು ಬಿಳಿ ಸುಣ್ಣದ ರಾಶಿ, ಅವನು ಕೈ ಇಡುತ್ತಾನೆ, ಮುಂದಿನ ಚಿತ್ರದಲ್ಲಿ ಅರ್ಧ ಸೇತುವೆ, ಅದರ ಮುಂದೆ ಇಡೀ ಸೇತುವೆ! ಇನ್ನೊಂದು ಕಡೆ ಪುಡಿಯಾಗಿ ಬಿದ್ದಿದ್ದ ಬಸ್ಸು. ಅವನು ಮುಟ್ಟಿದ ಮೇಲೆ ಚಕ್ರ ಬಂತು, ಕಿಟಕಿ ಬಂತು, ಕಿಟಕಿಯಲ್ಲಿ ಜನರ ಮುಖಗಳು ಬಂದವು. ಆ ಪುಟದಲ್ಲಿ ಮಾತ್ರ ಅಕ್ಕ ಬಹಳ ಹೊತ್ತು ನಿಲ್ಲುತ್ತಿದ್ದರು. "ಒಬ್ಬರಿಗೂ ಏನೂ ಆಗಲಿಲ್ಲ ಅಲ್ವಾ? ಸರಿಯಾಗಿ ನೋಡು" ಎನ್ನುತ್ತಿದ್ದರು. ಹುಡುಗ ಪ್ರತಿ ಮುಖದ ಮೇಲೂ ಬೆರಳಿಟ್ಟು ನೋಡುತ್ತಿದ್ದ.

ಮುಂದೆ ದೊಡ್ಡ ಆಫೀಸು. ಕೋಟಿನವನೊಬ್ಬ ಕೆಂಡದಂಥ ಸಿಟ್ಟಿನಲ್ಲಿ ಕಾಗದಗಳನ್ನು ಇವನ ಮುಖಕ್ಕೆ ಎಸೆಯುತ್ತಿದ್ದಾನೆ. ಅಕ್ಕ ಹಿಂದೆ ಮುಂದೆ ನೋಡದೆ, "ಕೆಲಸ ಸಿಕ್ಕಿತು, ಆರ್ಡರ್ ಕೊಟ್ಟದ್ದು" ಎಂದರು. ಇಷ್ಟು ಸಿಟ್ಟಿನಲ್ಲಿ ಯಾರು ಆರ್ಡರ್ ಕೊಡ್ತಾರೆ ಎಂದು ನಾನು ತಕರಾರು ತೆಗೆದೆ. ದೊಡ್ಡ ಕಂಪೆನಿಯವರು ಹಾಗೆಯೇ ಎಂದು ನನ್ನ ಬಾಯಿ ಮುಚ್ಚಿಸಿದರು. ಹಾಗಾದರೆ ರೆಕ್ಕೆಯವನು ಇವನಿಗೆ ಯಾಕೆ ಹೊಡೆದ? "ಅವನಿಗೆ ಪೂರ್ತಿ ಕಥೆ ಗೊತ್ತಿಲ್ಲ ಪಾಪ." ಕೊನೆಯ ಪುಟದಲ್ಲಿ ಒಂದು ಮನೆ. ಮೇಜಿನ ಸುತ್ತ ಹೆಂಡತಿ, ಮಗು, ಅವನು. ಕೈ ಎಲ್ಲರ ಕೈಯಂತೆ ಇದೆ, ಬಿಳಿ ಎಲ್ಲ ಹೋಗಿದೆ. ಮನೆಗೆ ಬಂದ, ಉಂಡ ಎಂದು ಹೇಳಿ ಅಕ್ಕ ಕಥೆ ಮುಗಿಸುತ್ತಿದ್ದರು.

ಆ ಪುಸ್ತಕವನ್ನು ಎಷ್ಟು ಸಲ ಓದಿದೆವೋ... ಹೊಲಿಗೆ ಬಿಟ್ಟು ಹಾಳೆಗಳು ಕೈಗೆ ಬರುವಷ್ಟು. ಯಾವಾಗಲೋ ಒಂದು ದಿನ ಭಾವನ ಫೋಟೋ ಗೋಡೆಗೆ ವಾಪಸು ಬಂದಿತ್ತು. ಹುಡುಗ ಮಣೆಯ ಮೇಲೆ ಹತ್ತಿ ತಾನೇ ಹಾಕಿದ್ದ. ಅಕ್ಕ ನೋಡಿಯೂ ನೋಡದವರ ಹಾಗೆ ಇದ್ದರು.

ನನ್ನ ಕ್ಲಾಸಿನಲ್ಲಿ ಬ್ಯಾರಿಗಳ ಮನೆಯ ಒಬ್ಬಳು ಗೆಳತಿಯಿದ್ದಳು. ಮದ್ರಸದಲ್ಲಿ ಅರಬಿ ಕಲಿಯುತ್ತಿದ್ದಳು. ಒಂದು ದಿನ ಆ ಪುಸ್ತಕ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಇದನ್ನು ಬಲಗಡೆಯಿಂದ ಓದಬೇಕು, ನೀವು ಬಾಲದಿಂದ ಓದಿದ್ದೀರಿ ಎಂದಳು. ನಾನು ಅಲ್ಲೇ ಕುಳಿತು ತಿರುಗಿಸಿ ನೋಡಿದೆ. ಮನೆಯಲ್ಲಿ ಉಣ್ಣುತ್ತಿದ್ದವನು ಕೆಲಸ ಕಳೆದುಕೊಂಡ, ಬಸ್ಸು ಪುಡಿ ಮಾಡಿದ, ಸೇತುವೆ ಬೀಳಿಸಿದ, ಜೈಲಿಗೆ ಹೋದ. ಥತ್, ಇವನು ಪಕ್ಕಾ ಖಳನಾಯಕ! ಏದುಸಿರು ಬಿಡುತ್ತ ಅಕ್ಕನ ಹತ್ತಿರ ಓಡಿದೆ. ಹುಡುಗ ಹಾಲು ತರಲು ಹೋಗಿದ್ದ. ನನ್ನ ಮಾತು ಕೇಳಿದರೂ ಅಕ್ಕನ ಬೆರಳು ನಿಲ್ಲಲಿಲ್ಲ. ಕಟ್ಟುತ್ತಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿದ ಮೇಲೆಯೇ ಮುಖ ಎತ್ತಿದರು.

"ಆ ಕಡೆಯಿಂದ ಓದುವವರು ಊರು ತುಂಬ ಇದ್ದಾರೆ. ಇವನಿಗೆ ನಾವು ಈ ಕಡೆಯಿಂದಲೇ ಓದುವ, ಆಯ್ತಾ?"

ಆಯ್ತು ಎಂದೆ. ಹುಡುಗನಿಗೆ ನಾನು ಹೇಳಲಿಲ್ಲ.

ಅವನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಭಾವ ಬಂದರು. ಪೆಟ್ಟಿಗೆ ಇರಲಿಲ್ಲ, ಕೈಯಲ್ಲಿ ಒಂದು ಚೀಲ ಮಾತ್ರ. ಸಾಲಿನ ಎಲ್ಲ ಮನೆಯವರೂ ಜಗಲಿಗೆ ಬಂದು ನೋಡಿದರು, ನಾವೂ ನೋಡಿದೆವು, ಸುಳ್ಳು ಯಾಕೆ ಹೇಳಲಿ. ಭಾವ ಗೇಟಿನ ಹತ್ತಿರ ಬಂದು, ಒಳಗೆ ಕಾಲಿಡಲೋ ಬೇಡವೋ ಎಂದು ನಿಂತರು. ಹುಡುಗ ಮೆಟ್ಟಿಲು ಇಳಿದು ಹೋದ. ಭಾವನ ಬಲಗೈ ಹಿಡಿದು, ಮಗುಚಿ, ಅಂಗೈಯನ್ನು ಚೆನ್ನಾಗಿ ನೋಡಿದ. ಆಮೇಲೆ ಆ ಕೈಯನ್ನು ಬಿಡದೆ, "ಅಪ್ಪ, ಬನ್ನಿ, ಉಣ್ಣುವ" ಎಂದು ಎಳೆದುಕೊಂಡು ಹೋದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ನನ್ನ ಅಮ್ಮನೂ ಅತ್ತಳು. ನನಗೆ ಮಾತ್ರ ಆ ದಿನ ಖುಷಿಯೋ ಖುಷಿ.

ಆ ಹುಡುಗ ಈಗ ಕಾಪುವಿನಿಂದ ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಬಸ್ಸಿನ ಡ್ರೈವರ್. ಮದುವೆಯಾಗಿದೆ, ಮಕ್ಕಳಿದ್ದಾರೆ. ನಾನು ಯಾವಾಗಲಾದರೂ ಹತ್ತಿದರೆ ಟಿಕೆಟು ಕೊಡಬೇಡ ಎಂದು ಕಂಡಕ್ಟರಿಗೆ ಕಣ್ಸನ್ನೆ ಮಾಡುತ್ತಾನೆ, ನಾನು ಜಗಳ ಮಾಡಿ ತೆಗೆದುಕೊಳ್ಳುತ್ತೇನೆ. ಅಕ್ಕ ಹೋದ ವರ್ಷ ತೀರಿಕೊಂಡರು. ಒಂದು ವಾರದ ಜ್ವರ ಅಷ್ಟೇ. ಇನ್ನೊಂದು ಸಲ ಬಂದಾಗ ಕೂತು ಮಾತಾಡುವ ಎಂದು ಎಷ್ಟು ಸಲ ಹೇಳಿ ಬಂದಿದ್ದೆನೋ...

ಸರಣಿಯ ಅಷ್ಟೂ ಕಂತುಗಳನ್ನು ನಾನು ಅಣ್ಣನ ಮಗಳ ಜೊತೆ ಕುಳಿತು ನೋಡಿದೆ. ನೋಡುತ್ತಾ ಒಂದು ಹುಳ ತಲೆಗೆ ಹೊಕ್ಕಿತು. ಸೀರಿಯಲ್‌ನವರು ಖಳನಾಯಕನ ಹಿಂದಕ್ಕೆ ಹೋಗುತ್ತಾರೆ. ಯಾಕೆ ಕೆಟ್ಟವನಾದ ಎಂದು ಹುಡುಕಿ, ಕಾರಣವನ್ನು ನಮ್ಮ ಕೈಗಿತ್ತು, ಇನ್ನು ಕ್ಷಮಿಸಿ ಎನ್ನುತ್ತಾರೆ. ಅಕ್ಕ ಕಾರಣದ ಗೋಜಿಗೇ ಹೋಗಿರಲಿಲ್ಲ. ಜೈಲಿನಲ್ಲಿದ್ದಾನೆ, ಸರಿ, ಇನ್ನು ಮುಂದೆ? ಇದನ್ನು ಅಕ್ಕನಿಗೆ ಹೇಳಬೇಕಿತ್ತು, ನಕ್ಕುಬಿಡುತ್ತಿದ್ದರು. ಇನ್ನೂ ಒಂದು ಸಂಶಯ ಬಂತು. ಆ ಬಸ್ಸಿನೊಳಗೆ ಇದ್ದವರು ಯಾರು? ಸರಣಿಯಲ್ಲಿ ಅವರಿಗೆ ಹೆಸರಿಲ್ಲ, ಮನೆಯಿಲ್ಲ. ಅಳುವ ಖಳನಾಯಕನನ್ನು ನೋಡುವ ಭರದಲ್ಲಿ ನಾನೂ ಅವರನ್ನು ಮರೆತಿದ್ದೆ.

ತಡೆಯಲಾಗಲಿಲ್ಲ, ಭಾನುವಾರ ಕಾಪುವಿಗೆ ಹೋದೆ. ಭಾವ ಜಗಲಿಯಲ್ಲಿ ಮೊಮ್ಮಗಳ ಜಡೆ ಹೆಣೆಯುತ್ತಿದ್ದರು. ಮಾತಿನ ನಡುವೆ ಪುಸ್ತಕದ ಸುದ್ದಿ ತೆಗೆದು, ಅದನ್ನು ಬಲಗಡೆಯಿಂದ ಓದಬೇಕು ಎಂದು ನಾನು ಹೇಳುವವರೆಗೆ ಅಕ್ಕನಿಗೆ ಗೊತ್ತಿರಲಿಲ್ಲ ಅಲ್ವಾ ಎಂದು ಕೇಳಿದೆ.

"ಗೊತ್ತಿಲ್ಲದೆ ಎಂತ? ಕಳಿಸುವಾಗಲೇ ಫೋನಿನಲ್ಲಿ ಹೇಳಿದ್ದೆ. ಆ ಸುಣ್ಣದ ಕೈಯವನ ಕಥೆ ಬಸ್ಸಿನ ಮಕ್ಕಳು ನನಗೆ ಹೇಳಿದ್ದು, ನಾನು ಅವಳಿಗೆ ಪೂರ್ತಿ ಹೇಳಿದ್ದು. ಪಾಪ, ಜೈಲಿಗೆ ಹೋದನಾ ಅಂತ ಕೇಳಿದ್ದಳು."

ಹಾಗಾದರೆ ಎರಡು ಕಡೆಯ ಕಥೆಯೂ ಅಕ್ಕನಿಗೆ ಮೊದಲೇ ಗೊತ್ತಿತ್ತು. ಮಗನಿಗೆ ಒಂದು ಕಡೆಯದನ್ನು ಕೊಟ್ಟರು. ಇನ್ನೊಂದು ಕಡೆ ಭಾವನ ಬಸ್ಸಿಗೆ ಸಿಕ್ಕಿ ಸತ್ತ ಕೂಲಿಯವನಿದ್ದನಲ್ಲ, ಅವನನ್ನು ಎಲ್ಲಿ ಇಟ್ಟರು? ಕೇಳಬಾರದಿತ್ತೋ ಏನೋ, ಕೇಳಿಬಿಟ್ಟೆ. ಭಾವ ಜಡೆಗೆ ರಬ್ಬರು ಹಾಕಿ ಮೊಮ್ಮಗಳನ್ನು ಒಳಗೆ ಕಳಿಸಿದರು.

"ನಾನು ಊರಿಗೆ ಬಂದ ದಿನವೇ ಕೇಳಿದಳು, ಅವನ ಹೆಸರು ಎಂತ ಅಂತ. ಕೋರ್ಟಿನಲ್ಲಿ ಕೇಳಿ ಗೊತ್ತಿತ್ತು, ಹೇಳಿದೆ. ಆ ವರ್ಷದಿಂದ ನಮ್ಮಲ್ಲಿ ಹೋದವರಿಗೆ ಬಡಿಸುವಾಗ ಒಂದು ಎಲೆ ಹೆಚ್ಚು."

ಹೋದವರಿಗೆ ಬಡಿಸುವುದು ನಮ್ಮೆಲ್ಲರ ಮನೆಯಲ್ಲೂ ಉಂಟು. ತೀರಿಕೊಂಡ ಹಿರಿಯರಿಗೆಂದು ಬಾಳೆ ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದದ್ದನ್ನು ಬಡಿಸಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಆದರೆ ಆ ಕೂಲಿಯವನು ಯಾವ ದೇಶದವನೋ, ಯಾವ ದೇವರವನೋ...

"ಅವನು ಎಂತ ತಿನ್ನುತ್ತಿದ್ದ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಮಾಡಿದ್ದನ್ನೆಲ್ಲ ಸ್ವಲ್ಪ ಸ್ವಲ್ಪ ಬಡಿಸುತ್ತಿದ್ದಳು" ಎಂದರು ಭಾವ.

ಮಗನಿಗೆ ಅದು ಯಾರ ಎಲೆ ಎಂದು ಗೊತ್ತುಂಟಾ ಎಂದು ಕೇಳಿದೆ. ಅವನಿಗೆ ಬಸ್ಸು ಓಡಿಸುವ ಲೈಸೆನ್ಸ್ ಸಿಕ್ಕಿದ ದಿನ ಅಕ್ಕನೇ ಕೂರಿಸಿ ಎಲ್ಲ ಹೇಳಿದರಂತೆ. ಈ ವರ್ಷ ಬಡಿಸಿದವನು ಅವನೇ. ಆ ಎಲೆಯ ಪಕ್ಕದಲ್ಲಿ ಮೊದಲ ಸಲ ಅಕ್ಕನ ಎಲೆ.

"ಅಮ್ಮನಿಗೆ ಎಂತ ಇಷ್ಟ, ಎಂತ ಬಡಿಸಲಿ ಅಂತ ಅವನು ನನ್ನ ಹತ್ತಿರ ಕೇಳಿದ. ನನಗೆ ಗೊತ್ತಾಗಲಿಲ್ಲ ಮಾರಾಯ್ತಿ. ಅವಳು ಎಂತ ಇಷ್ಟಪಟ್ಟು ತಿನ್ನುತ್ತಿದ್ದಳು ಅಂತ ನಾನು ನೋಡಿಯೇ ಇಲ್ಲ. ನಿನಗೆ ಗೊತ್ತುಂಟಾ?"

ದಿನವೂ ಸಂಜೆ ಆ ಜಗಲಿಯಲ್ಲಿ ಇರುತ್ತಿದ್ದವಳು ನಾನು. ಎಷ್ಟು ನೆನಪು ಮಾಡಿಕೊಂಡರೂ ಮೊರ, ನೂಲು, ಆ ಬೆರಳುಗಳೇ ಕಾಣುತ್ತವೆ. ಅಕ್ಕ ತಿಂದದ್ದು ಕಾಣುವುದಿಲ್ಲ. ನನಗೂ ಗೊತ್ತಿಲ್ಲ ಭಾವ ಎಂದೆ. ಅಕ್ಕನ ಎಲೆಗೂ ಅವರು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬಡಿಸಿದ್ದರಂತೆ.