ನೀಲಿ ಕಲ್ಲು ನಂಬಿ ಹತ್ತಿದ ಗಾಡಿ

ಇವತ್ತು ಮುಂಜಾನೆ ವಾಡಿ ಜಂಕ್ಷನ್ನಿನಲ್ಲಿ ಚಪ್ಪಲಿ ಬಿಟ್ಟು ನಿಂತೆ. ಅಂಗಾಲಿಗೆ ಶಹಾಬಾದ ಕಲ್ಲಿನ ತಂಪು ತಾಗಿತು ನೋಡಿ, ಇಪ್ಪತ್ತೆಂಟು ವರ್ಷ ಹಿಂದಕ್ಕೆ ಹೋದೆ.

ಈ ಸ್ಟೇಷನ್ನಿನ ಚರಿತ್ರೆ ಹೇಳಿದವರು ಕಲ್ಲಿನ ಗಣಿಯಲ್ಲಿ ದುಡಿದ ನನ್ನ ಮಾವ. "ನಿಜಾಮರ ರೈಲು, ಇಂಗ್ರೇಜರ ರೈಲು ಇಲ್ಲೇ ಬೀಗರಾದ್ವು ನೋಡವ್ವ" ಎನ್ನುತ್ತಿದ್ದರು. ಇಲ್ಲಿಂದ ಮೂರು ದಾರಿ: ಒಂದು ಶಹಾಬಾದ ದಾಟಿ ಕಲಬುರಗಿಗೆ, ಒಂದು ರಾಯಚೂರಿಗೆ, ಒಂದು ಚಿತ್ತಾಪುರದ ಮೇಲೆ ನನ್ನ ತವರು ಸೇಡಂಗೆ. ನಾನು ಓದಿದ್ದು ಮೂರನೇ ಇಯತ್ತೆ. ಬೋರ್ಡಿನ ಅಕ್ಷರ ಕೂಡಿಸಿ ಮುಗಿಸುವಷ್ಟರಲ್ಲಿ ಗಾಡಿ ಚಿತ್ತಾಪುರ ಮುಟ್ಟಿರುತ್ತಿತ್ತು! ಅದಕ್ಕೇ ಮಾವ ಗುರುತು ಕೊಟ್ಟಿದ್ದರು: "ಬಿಳಿ ಕಲ್ಲಿನ ನಡುವ ಒಂದು ನೀಲಿ ಕಲ್ಲದ. ಅದರ ಮ್ಯಾಲ ನಿಂದ್ರು. ಸೇಡಂ ಗಾಡಿ ನಿನ್ನ ಮುಂದೇ ಬರ್ತದ."

ಆಗ ಮಗಳು ಆರು ತಿಂಗಳ ಕೂಸು. ಜ್ವರ ಬಂದು ಹಾಲು ಬಿಟ್ಟಳು. ಸೇಡಂ ದವಾಖಾನೆಯಲ್ಲಿ ನಮ್ಮಣ್ಣ ಕಂಪೌಂಡರ್. ಅವನೇ ಗತಿ ಎಂದು ಸ್ಟೇಷನ್ನಿಗೆ ಓಡಿಬಂದೆ. ನೀಲಿ ಕಲ್ಲು ಹುಡುಕಿ ನಿಂತು, ಬಂದ ಗಾಡಿ ಹತ್ತಿಬಿಟ್ಟೆ.

ಕಡಲೆ ಮಾರುವ ಮುದುಕಿ ಬಾಗಿಲಲ್ಲೇ ತಡೆದಳು. "ಕೂಸಿಗಿ ತಗೊಂಡು ಎಲ್ಲಿಗಿ ಹೊಂಟಿ?"

"ಸೇಡಂಗರಿ."

"ಹುಚ್ಚಿ! ಇದು ರಾಯಚೂರಿಗಿ ಹೊಂಟದ. ಇಳಿ ಇಳಿ!"

"ನೀಲಿ ಕಲ್ಲಿನ ಮ್ಯಾಲೇ ನಿಂತಿದ್ನಲ್ರಿ?"

"ಆ ಕಲ್ಲ ಕಿತ್ತಿ ಈ ಕಡಿ ಪ್ಲಾಟ್‌ಫಾರ್ಮಿಗಿ ಹಾಕ್ಯಾರ. ಕಲ್ಲಿಗೇನು ಗಾಡಿ ಗೊತ್ತಿರ್ತದೇನು? ದೇವರು ಬಾಯಿ ಕೊಟ್ಟಾನ, ಕೇಳು!"

ಬುಟ್ಟಿಯನ್ನು ಅಲ್ಲೇ ಬಿಟ್ಟು, ನನ್ನ ರಟ್ಟೆ ಹಿಡಿದು, ಮೇಲ್ಸೇತುವೆ ದಾಟಿಸಿ ಸೇಡಂ ಗಾಡಿಯಲ್ಲಿ ಕೂರಿಸಿದಳು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮಗಳು ಉಳಿದಳು.

ಆ ಮಗಳೇ ಈಗ ಸೇಡಂನಲ್ಲಿ ನರ್ಸು. ಅಲ್ಲೇ ಹೆತ್ತಳು. ಇವತ್ತು ಮೊಮ್ಮಗಳನ್ನು ಮೊದಲ ಸಲ ನಮ್ಮ ಮನೆಗೆ ತರುವವಳಿದ್ದಳು. ಗಾಡಿ ಎಲ್ಲಿ ಬರುತ್ತದೆಂದು ನನಗೆ ಗೊತ್ತು. ಆದರೂ ಪೊಲೀಸಪ್ಪನನ್ನು ಕೇಳಿದೆ, ಕಸ ಗುಡಿಸುವವಳನ್ನು ಕೇಳಿದೆ. ಚಹಾದವನನ್ನಂತೂ ಬಿಡಲಿಲ್ಲ. "ಸೇಡಂ ಗಾಡಿ ಇಲ್ಲೇ ಬರ್ತದಲ್ಲಪ್ಪಾ? ಮೊಮ್ಮಗಳು ಬರ್ಲಿಕತ್ತಾಳ!"

"ಆಯಿ, ಮೂರನೇ ಸಲ ಕೇಳ್ಲಿಕತ್ತೀ. ಗಾಡೀನೂ ಇಲ್ಲೇ, ಮೊಮ್ಮಗಳೂ ಇಲ್ಲೇ. ಕುಂದ್ರು!"

ನಗುತ್ತ ಕುಳಿತೆ. ಆಗ ಕಡಲೆಯ ಮುದುಕಿ ನೆನಪಾದಳು. ಅಂದಿನಿಂದ ಊರವರನ್ನೆಲ್ಲ ದಾರಿ ಕೇಳುತ್ತ ಬಂದವಳು, ಅವಳ ಹೆಸರೊಂದನ್ನು ಕೇಳಲಿಲ್ಲವಲ್ಲ.

"ತಮ್ಮಾ, ನಿನ್ನ ಹೆಸರೇನು?"

ಅವನು ಕೆಟಲಿ ಇಳಿಸಿ ನನ್ನ ಮುಖ ನೋಡಿದ. "ಭೀಮಶಾ, ಆಯಿ."

ಗಾಡಿ ಬಂತು. ಮಗಳು ಇಳಿದು ಬೆಚ್ಚನೆಯ ಗಂಟನ್ನು ನನ್ನ ಕೈಗಿಟ್ಟಳು. ಮೊದಲು ಮುದ್ದಿಡಬೇಕಿತ್ತು. ನಾನು ಕೂಸನ್ನು ಎತ್ತಿ ಹಿಡಿದು, ಅಷ್ಟು ಜನರ ನಡುವೆ ಕೂಗಿಯೇಬಿಟ್ಟೆ:

"ಭೀಮಶಾ! ಬಂದಳು ನೋಡಪ್ಪಾ!"